ಸುಂಕ ಇಳಿದ ಮಾತ್ರಕ್ಕೆ ಬಾಗಿಲು ತೆರೆಯದು



ಭಾರತ ಮತ್ತು ಐರೋಪ್ಯ ಒಕ್ಕೂಟಗಳ ನಡುವಣ ಮುಕ್ತ ವ್ಯಾಪಾರ ಒಪ್ಪಂದದ ಮಾತುಕತೆ ಮುಗಿಯಿತೆಂದು 2026ರ ಜನವರಿಯಲ್ಲಿ ಎರಡೂ ಕಡೆಯವರು ಸಾರಿದರು. ಅಂದಿನಿಂದ ಸಂಘದ ಕಚೇರಿಗೆ ಬರುವ ಸದಸ್ಯರು ಮುಖ್ಯವಾಗಿ ಎರಡು ಮಾತು ಆಡುತ್ತಾರೆ. ಒಂದು: "ಇನ್ನು ನಮ್ಮ ಕಾಫಿಗೆ ಬೆಲೆ ಏರುತ್ತದೆಯೇ?" ಇನ್ನೊಂದು: "ಯುರೋಪಿನ ಮಾರುಕಟ್ಟೆಯೊಳಗೆ ನಮಗೂ ಜಾಗ ಸಿಕ್ಕಿದ ಹಾಗಾಯಿತಲ್ಲ!" ಮೊದಲನೆಯದು ನ್ಯಾಯವಾದ ಪ್ರಶ್ನೆ. ಎರಡನೆಯದು ತಪ್ಪು ತಿಳಿವಳಿಕೆ. ಮುಕ್ತ ವ್ಯಾಪಾರ ಒಪ್ಪಂದ ಬೇರೆ, ಏಕ ಮಾರುಕಟ್ಟೆಯ ಸದಸ್ಯತ್ವ ಬೇರೆ. ಈ ಎರಡರ ವ್ಯತ್ಯಾಸ ತಿಳಿಯದೆ ಹೋದರೆ ನಾವು ತೋಟದ ಒಂದು ಮೂಲೆಯ ಬೇಲಿ ಕಾಯುತ್ತ ಕೂತಿರುವಾಗ ದನ ಇನ್ನೊಂದು ಮೂಲೆಯಿಂದ ನುಗ್ಗೀತು. ಆದುದರಿಂದ ಈ ವಿಷಯವನ್ನು ಸ್ವಲ್ಪ ಬಿಡಿಸಿ ಹೇಳುವುದು ಅವಶ್ಯವೆಂದು ತೋರಿತು.

ಮೂರು ಮೆಟ್ಟಿಲು

ದೇಶದೇಶಗಳ ನಡುವಣ ವ್ಯಾಪಾರದ ಹೊಂದಾಣಿಕೆಗೆ ಮುಖ್ಯವಾಗಿ ಮೂರು ಮೆಟ್ಟಿಲುಗಳಿವೆ.

ಮೊದಲನೆಯದು ಮುಕ್ತ ವ್ಯಾಪಾರ ಒಪ್ಪಂದ. ಅಕ್ಕಪಕ್ಕದ ಇಬ್ಬರು ಜಮೀನುದಾರರು, "ನಿನ್ನ ಗಾಡಿ ನನ್ನ ದಣಪೆ ದಾಟುವಾಗ ನಾನು ದುಡ್ಡು ಕೇಳುವುದಿಲ್ಲ, ನನ್ನ ಗಾಡಿ ನಿನ್ನ ದಣಪೆ ದಾಟುವಾಗ ನೀನೂ ಕೇಳಬೇಡ" ಎಂದು ಮಾತಾಡಿಕೊಂಡ ಹಾಗೆ ಇದು. ದುಡ್ಡು ಹೋಯಿತು, ದಣಪೆ ಹೋಗಲಿಲ್ಲ. ಗಾಡಿಯಲ್ಲಿ ಏನಿದೆ, ರೋಗ ಹತ್ತಿದ ಸಸಿ ಇದೆಯೇ ಎಂದು ನೋಡುವ ಹಕ್ಕು ಇಬ್ಬರಿಗೂ ಉಳಿದೇ ಇರುತ್ತದೆ. ಅಲ್ಲದೆ, ಮೂರನೆಯವನೊಬ್ಬ ತನ್ನ ಮಾಲನ್ನು ನಿಮ್ಮ ನೆರೆಯವನ ಗಾಡಿಗೆ ಹೇರಿ ಪುಕ್ಕಟೆಯಾಗಿ ದಾಟಿಸಿಬಿಡಬಹುದಲ್ಲ? ಅದಕ್ಕಾಗಿ "ಈ ಮಾಲು ನಿಜವಾಗಿ ನಿನ್ನ ತೋಟದ್ದೇ?" ಎಂಬ ಪ್ರಶ್ನೆ ಬರುತ್ತದೆ. ಇದಕ್ಕೇ ಮೂಲದ ನಿಯಮ ಎನ್ನುತ್ತಾರೆ. ಈ ಮಾತನ್ನು ನೆನಪಿನಲ್ಲಿಡಿ, ಅಡಿಕೆಯ ಪ್ರಸ್ತಾಪ ಬಂದಾಗ ಬೇಕಾಗುತ್ತದೆ.

ಎರಡನೆಯದು ಸುಂಕ ಒಕ್ಕೂಟ. ಇಲ್ಲಿ ಸದಸ್ಯರ ನಡುವೆ ಸುಂಕವಿಲ್ಲವಷ್ಟೇ ಅಲ್ಲ, ಹೊರಗಿನವರಿಗೆ ಎಲ್ಲರೂ ಸೇರಿ ಒಂದೇ ದರದ ಸುಂಕ ಹಾಕುತ್ತಾರೆ. ಹೊರಗಿನ ಮಾಲು ಯಾವ ಬಾಗಿಲಿನಿಂದ ಬಂದರೂ ಸುಂಕ ಅಷ್ಟೇ ಆದ್ದರಿಂದ ಮೂಲ ಕೇಳುವ ತಾಪತ್ರಯ ಬಹುಮಟ್ಟಿಗೆ ತಪ್ಪುತ್ತದೆ. 1957ರ ರೋಮ್ ಒಪ್ಪಂದಕ್ಕೆ ಸಹಿ ಹಾಕಿದ ಆರು ಐರೋಪ್ಯ ದೇಶಗಳು 1968ರ ಜುಲೈ ವೇಳೆಗೆ ಈ ಮೆಟ್ಟಿಲು ಏರಿದವು. ನಮ್ಮ ಹಿರಿಯರು ಪತ್ರಿಕೆಗಳಲ್ಲಿ 'ಕಾಮನ್ ಮಾರ್ಕೆಟ್' ಎಂದು ಓದುತ್ತಿದ್ದುದು ಇದನ್ನೇ.

ಮೂರನೆಯದು ಏಕ ಮಾರುಕಟ್ಟೆ. ಸುಂಕ ತೆಗೆದ ಮೇಲೂ ಯುರೋಪಿನ ಗಡಿಗಳಲ್ಲಿ ಮಾಲು ನಿಲ್ಲುತ್ತಲೇ ಇತ್ತು. ಒಂದೊಂದು ದೇಶದ ಕಾನೂನು ಒಂದೊಂದು ರೀತಿ ಇದ್ದುದೇ ಇದಕ್ಕೆ ಕಾರಣ. ಫ್ರಾನ್ಸಿನ 'ಕಾಸಿಸ್' ಎಂಬ ಹಣ್ಣಿನ ಮದ್ಯವನ್ನು ಜರ್ಮನಿಯಲ್ಲಿ ಮಾರಲು ಬಿಡಲಿಲ್ಲ, ಏಕೆಂದರೆ ಅಂಥ ಮದ್ಯದಲ್ಲಿ ಶೇಕಡಾ 25ರಷ್ಟಾದರೂ ಆಲ್ಕೋಹಾಲ್ ಇರಬೇಕೆಂದು ಜರ್ಮನಿಯ ಕಾನೂನು ಹೇಳುತ್ತಿತ್ತು, ಇದರಲ್ಲಿ ಅಷ್ಟು ಇರಲಿಲ್ಲ. ಒಂದು ದೇಶದಲ್ಲಿ ಕಾನೂನುಬದ್ಧವಾಗಿ ತಯಾರಾಗಿ ಮಾರಾಟವಾಗುವ ಪದಾರ್ಥವನ್ನು ಬಲವಾದ ಕಾರಣವಿಲ್ಲದೆ ಇನ್ನೊಂದು ದೇಶ ತಡೆಯಕೂಡದೆಂದು ಐರೋಪ್ಯ ನ್ಯಾಯಾಲಯ 1979ರಲ್ಲಿ ತೀರ್ಪು ಕೊಟ್ಟಿತು. ಅದೇ ಹಾದಿಯಲ್ಲಿ ನಡೆದು, ಬೇಕಾದಲ್ಲಿ ಎಲ್ಲರಿಗೂ ಒಂದೇ ನಿಯಮವನ್ನು ರಚಿಸಿಕೊಂಡು, 1993ರ ಜನವರಿ 1ರಿಂದ ಏಕ ಮಾರುಕಟ್ಟೆಯನ್ನು ಜಾರಿಗೆ ತಂದರು. ಸರಕು, ಸೇವೆ, ಬಂಡವಾಳ, ಜನ ಈ ನಾಲ್ಕೂ ಗಡಿ ದಾಟಿ ಓಡಾಡಬಹುದು. ಇದು ನೆರೆಹೊರೆಯವರ ಒಪ್ಪಂದವಲ್ಲ, ಒಟ್ಟು ಕುಟುಂಬ. ದಣಪೆಯನ್ನೇ ಕಿತ್ತು ಹಾಕಿದ್ದಾರೆ. ಆದರೆ ಒಟ್ಟು ಕುಟುಂಬದಲ್ಲಿ ಊಟ ಮಾಡುವವನು ಅಡುಗೆಮನೆಯ ಕಟ್ಟುಪಾಡಿಗೂ ಒಳಗಾಗಬೇಕು, ಯಜಮಾನಿಕೆಯಲ್ಲಿ ಪಾಲು ಬಿಟ್ಟುಕೊಡಬೇಕು, ಖರ್ಚಿನ ಪಾಲನ್ನೂ ಹಾಕಬೇಕು.

ಒಂದೇ ಮೀನು, ಎರಡು ಪಾಡು

ಈ ಭೇದ ಕೇವಲ ಪುಸ್ತಕದ್ದಲ್ಲವೆಂಬುದಕ್ಕೆ ಬ್ರಿಟನ್ ಮತ್ತು ನಾರ್ವೆ ದೇಶಗಳಿಗಿಂತ ಒಳ್ಳೆಯ ಉದಾಹರಣೆ ಬೇಕಿಲ್ಲ.

ಬ್ರಿಟನ್ 2020ರ ಜನವರಿ 31ರಂದು ಐರೋಪ್ಯ ಒಕ್ಕೂಟದಿಂದ ಹೊರಬಂದಿತು. ಅದೇ ವರ್ಷದ ಕೊನೆಗೆ ಏಕ ಮಾರುಕಟ್ಟೆಯನ್ನೂ ಸುಂಕ ಒಕ್ಕೂಟವನ್ನೂ ಬಿಟ್ಟಿತು. ಪಾಲಾಗಿ ಬೇರೆ ಒಲೆ ಹೂಡಿದ ಮೇಲೆ, 2021ರ ಜನವರಿ 1ರಿಂದ ಹಳೆಯ ಮನೆಯವರೊಡನೆ ಒಂದು ವ್ಯಾಪಾರ ಒಪ್ಪಂದ ಮಾಡಿಕೊಂಡಿತು. ಒಪ್ಪಂದ ಉದಾರವಾದದ್ದೇ: ಮೂಲದ ನಿಯಮಕ್ಕೆ ಒಳಪಟ್ಟ ಯಾವ ಸರಕಿಗೂ ಸುಂಕವಿಲ್ಲ, ಪ್ರಮಾಣದ ಮಿತಿಯೂ ಇಲ್ಲ. ಆದರೂ ಅಂದಿನಿಂದ ಸ್ಕಾಟ್ಲೆಂಡಿನ ಸಾಲ್ಮನ್ ಮೀನು ಫ್ರಾನ್ಸಿಗೆ ಹೋಗಬೇಕಾದರೆ ಆರೋಗ್ಯದ ಪ್ರಮಾಣಪತ್ರ, ಸುಂಕ ಇಲಾಖೆಯ ಕಾಗದಪತ್ರ, ಬಂದರಿನಲ್ಲಿ ತಪಾಸಣೆ ಎಲ್ಲ ಆಗಬೇಕಾಯಿತು. ಅಲ್ಲಿಯ ಬಿತ್ತನೆ ಆಲೂಗಡ್ಡೆಯನ್ನು ಒಕ್ಕೂಟದ ದೇಶಗಳಿಗೆ ಕಳುಹಿಸುವುದೇ ನಿಂತುಹೋಯಿತು. ಹಿಂದಿನ ದಿನ ಡಿಸೆಂಬರ್ 31ರವರೆಗೆ ಸಲೀಸಾಗಿ ಹೋಗುತ್ತಿದ್ದ ಅದೇ ಮಣ್ಣಿನ ಅದೇ ಬೀಜ! ಚೀನಾದಿಂದ ಬ್ರಿಟನ್ನಿಗೆ ತರಿಸಿದ ಬಟ್ಟೆಯನ್ನು ಹಾಗೆಯೇ ಐರ್ಲೆಂಡಿಗೆ ಕಳುಹಿಸಿದರೆ ಐರೋಪ್ಯ ಸುಂಕ ಬೀಳತೊಡಗಿತು, ಏಕೆಂದರೆ ಅದು ಬ್ರಿಟನ್ನಿನ ಮೂಲದ್ದಲ್ಲ.

ಇತ್ತ ನಾರ್ವೆಯನ್ನು ನೋಡಿ. ಅದು ಐರೋಪ್ಯ ಒಕ್ಕೂಟದ ಸದಸ್ಯನಲ್ಲ. ಆದರೆ ಐಸ್‌ಲೆಂಡ್, ಲೀಕ್ಟನ್‌ಸ್ಟೈನ್‌ಗಳೊಡನೆ ಐರೋಪ್ಯ ಆರ್ಥಿಕ ಪ್ರದೇಶವೆಂಬ ಏರ್ಪಾಡಿನ ಮೂಲಕ ಏಕ ಮಾರುಕಟ್ಟೆಯೊಳಗಿದೆ. ಸುಂಕ ಒಕ್ಕೂಟದಲ್ಲಿ ಮಾತ್ರ ಇಲ್ಲ. ಹೀಗಾಗಿ ನಾರ್ವೆಯ ತಾಜಾ ಸಾಲ್ಮನ್ ಮೀನಿಗೆ ಐರೋಪ್ಯ ಒಕ್ಕೂಟ ಶೇಕಡಾ 2 ಸುಂಕ ಹಾಕುತ್ತದೆ. ಅದನ್ನೇ ಹೊಗೆಯಲ್ಲಿ ಒಣಗಿಸಿ ಕಳುಹಿಸಿದರೆ ಶೇಕಡಾ 13. ಆದರೆ ಒಕ್ಕೂಟದ ಆಹಾರ ನಿಯಮಗಳನ್ನೇ ನಾರ್ವೆಯೂ ಪಾಲಿಸುವುದರಿಂದ ಆ ಮೀನಿಗೆ ಬ್ರಿಟನ್ನಿನ ಮೀನಿನಂತೆ ಗಡಿಯಲ್ಲಿ ಆರೋಗ್ಯದ ತಪಾಸಣೆ ಇಲ್ಲ.

ಒಂದೇ ಜಾತಿಯ ಮೀನು. ಒಬ್ಬನಿಗೆ ಸುಂಕವಿಲ್ಲ, ತಪಾಸಣೆ ಇದೆ. ಇನ್ನೊಬ್ಬನಿಗೆ ಸುಂಕವಿದೆ, ತಪಾಸಣೆ ಇಲ್ಲ. ಮುಕ್ತ ವ್ಯಾಪಾರ ಒಪ್ಪಂದಕ್ಕೂ ಏಕ ಮಾರುಕಟ್ಟೆಗೂ ಇರುವ ಅಂತರ ಇಷ್ಟರಲ್ಲೇ ಅಡಗಿದೆ. ತಪಾಸಣೆಯ ಹೊರೆ ಹಗುರಲ್ಲವೆಂಬುದಕ್ಕೆ ಸಾಕ್ಷಿ ಬೇಕೆಂದರೆ, 2025ರ ಮೇ ತಿಂಗಳಲ್ಲಿ ಬ್ರಿಟನ್ ಸರ್ಕಾರ ಆಹಾರ ಮತ್ತು ಸಸ್ಯಗಳ ಮಟ್ಟಿಗೆ ಮತ್ತೆ ಐರೋಪ್ಯ ನಿಯಮಗಳನ್ನೇ ಅನುಸರಿಸುವ ಏರ್ಪಾಡಿನ ಕಡೆಗೆ ಸಾಗಲು ಒಕ್ಕೂಟದೊಡನೆ ಒಪ್ಪಿಕೊಂಡಿತು.

ಹಾಗಾದರೆ ನಾರ್ವೆಯದೇ ಸುಖವೋ? ಅದೂ ಪೂರ್ತಿ ನಿಜವಲ್ಲ. ನಿಯಮಗಳನ್ನು ರಚಿಸುವ ಸಭೆಯಲ್ಲಿ ನಾರ್ವೆಗೆ ಮತವಿಲ್ಲ. ಅಡುಗೆಮನೆಯಲ್ಲಿ ಎಲೆ ಹಾಕುತ್ತಾರೆ, ಖರ್ಚಿಗೆ ಹಣವನ್ನೂ ಪಡೆಯುತ್ತಾರೆ, ಆದರೆ ಜಗುಲಿಯ ಪಂಚಾಯತಿಗೆ ಕರೆಯುವುದಿಲ್ಲ. ಸ್ವಿಟ್ಜರ್‌ಲೆಂಡಿನ ಮತದಾರರು 1992ರ ಡಿಸೆಂಬರಿನಲ್ಲಿ ಈ ಏರ್ಪಾಡನ್ನೇ ತಿರಸ್ಕರಿಸಿ, ಬಿಡಿಬಿಡಿಯಾಗಿ ಒಪ್ಪಂದ ಮಾಡಿಕೊಳ್ಳುವ ಹಾದಿ ಹಿಡಿದರು. ಒಳಗೆ ಹೋಗುವುದಕ್ಕೂ ಬೆಲೆಯಿದೆ, ಹೊರಗೆ ನಿಲ್ಲುವುದಕ್ಕೂ ಬೆಲೆಯಿದೆ. ಪುಕ್ಕಟೆ ಎಂಬುದು ಯಾವ ಮೆಟ್ಟಿಲಿನಲ್ಲೂ ಇಲ್ಲ.

ನಮ್ಮ ಮನೆಯಲ್ಲೇ ಇರುವ ಏಕ ಮಾರುಕಟ್ಟೆ

ಏಕ ಮಾರುಕಟ್ಟೆ ನೋಡಲು ಯುರೋಪಿಗೇ ಹೋಗಬೇಕೆಂದಿಲ್ಲ. ಭಾರತವೇ ಒಂದು ಏಕ ಮಾರುಕಟ್ಟೆ. ದೇಶದೊಳಗಿನ ವ್ಯಾಪಾರ ಮುಕ್ತವಾಗಿರತಕ್ಕದ್ದೆಂದು ಸಂವಿಧಾನದ 301ನೆಯ ವಿಧಿ ಸಾರುತ್ತದೆ. ಆದರೂ ದಶಕಗಳ ಕಾಲ ಅಡಿಕೆಯ ಲಾರಿ ರಾಜ್ಯದ ಗಡಿಗಡಿಯ ಚೆಕ್‌ಪೋಸ್ಟಿನಲ್ಲಿ ನಿಂತು ನಿಂತು ಉತ್ತರ ಭಾರತ ಸೇರಬೇಕಾಗಿತ್ತು. 2017ರ ಜುಲೈ 1ರಂದು ಜಿ.ಎಸ್.ಟಿ. ಬಂದ ಮೇಲೆ ಮಾರಾಟ ತೆರಿಗೆಯ ಆ ಚೆಕ್‌ಪೋಸ್ಟುಗಳು ಎದ್ದುಹೋದವು. ಆಹಾರದ ಗುಣಮಟ್ಟಕ್ಕೂ 2006ರ ಆಹಾರ ಸುರಕ್ಷತಾ ಕಾಯಿದೆಯ ಅಡಿಯಲ್ಲಿ ದೇಶಕ್ಕೆಲ್ಲ ಒಂದೇ ಅಳತೆಗೋಲು. ಇಲ್ಲಿ ಪಾಸಾದ ಮಾಲನ್ನು ಗುಜರಾತಿನವರು "ನಮ್ಮ ನಿಯಮ ಬೇರೆ" ಎಂದು ಹಿಂದಕ್ಕೆ ಕಳುಹಿಸುವಂತಿಲ್ಲ. ಇದಕ್ಕೆ ಪ್ರತಿಯಾಗಿ ನಮ್ಮ ರಾಜ್ಯ ತನ್ನಷ್ಟಕ್ಕೆ ತೆರಿಗೆ ದರ ನಿರ್ಧರಿಸುವ ಅಧಿಕಾರದ ಬಹುಭಾಗವನ್ನು ಜಿ.ಎಸ್.ಟಿ. ಮಂಡಳಿಗೆ ಒಪ್ಪಿಸಬೇಕಾಯಿತು. ಅನುಕೂಲ ಮತ್ತು ಅಧಿಕಾರ ಒಂದರ ಬದಲು ಒಂದು ಎಂಬುದು ನಮ್ಮ ಅನುಭವಕ್ಕೂ ಬಂದಿದೆ.

ಕಾಫಿಯ ಮಟ್ಟಿಗೆ ಲೆಕ್ಕ

ಈಗ ಮೊದಲ ಪ್ರಶ್ನೆಗೆ ಬರೋಣ. ಒಪ್ಪಂದದಿಂದ ಬೆಲೆ ಏರುವುದೇ?

ಅನೇಕ ಬೆಳೆಗಾರರಿಗೆ ತಿಳಿಯದ ಸಂಗತಿಯೊಂದಿದೆ. ನಾವು ಬೆಳೆದು, ಕ್ಯೂರಿಂಗ್ ವರ್ಕ್ಸಿನಲ್ಲಿ ಸಂಸ್ಕರಿಸಿ ಕಳುಹಿಸುವ ಹಸಿರು ಬೀಜಕ್ಕೆ ಐರೋಪ್ಯ ಒಕ್ಕೂಟದಲ್ಲಿ ಸುಂಕವೇ ಇಲ್ಲ. ಒಪ್ಪಂದ ಇರಲಿ ಬಿಡಲಿ, ಯಾವ ದೇಶದಿಂದ ಬಂದರೂ ಸೊನ್ನೆ. ಇಲ್ಲದ ಸುಂಕವನ್ನು ಇಳಿಸುವುದೆಂತು? ಸುಂಕ ಇರುವುದು ಹುರಿದ ಕಾಫಿಗೆ ಮತ್ತು ಇನ್‌ಸ್ಟಂಟ್ ಕಾಫಿಗೆ. ಒಕ್ಕೂಟದ ಸಾಮಾನ್ಯ ದರಪಟ್ಟಿಯಲ್ಲಿ ಹುರಿದ ಕಾಫಿಗೆ ಶೇಕಡಾ 7.5, ಇನ್‌ಸ್ಟಂಟ್ ಕಾಫಿಗೆ ಶೇಕಡಾ 9. ಕಚ್ಚಾ ಮಾಲು ಬರಲಿ, ಕಾರ್ಖಾನೆಯ ಕೂಲಿ ಮತ್ತು ಲಾಭ ನಮ್ಮಲ್ಲೇ ಉಳಿಯಲಿ ಎಂಬುದು ಇದರ ಒಳಗುಟ್ಟು. ನಾರ್ವೆಯ ತಾಜಾ ಮೀನಿಗೆ 2, ಒಣಗಿಸಿದ್ದಕ್ಕೆ 13 ಎಂಬ ಲೆಕ್ಕದ ತಾಯಿಬೇರೂ ಇದೇ.

ಆದುದರಿಂದ ಸುಂಕ ಇಳಿದರೆ ಮೊದಲ ಲಾಭ ಇನ್‌ಸ್ಟಂಟ್ ಕಾಫಿ ತಯಾರಿಸುವವರದು. ಅದು ಬೇಡವೆಂದು ನಾನು ಹೇಳುವುದಿಲ್ಲ. ವಿಯೆಟ್ನಾಂ ದೇಶಕ್ಕೆ ಯುರೋಪಿನೊಡನೆ 2020ರ ಆಗಸ್ಟಿನಿಂದಲೇ ಒಪ್ಪಂದವಿರುವಾಗ ನಮ್ಮ ಕಾರ್ಖಾನೆಗಳು ಹಿಂದೆ ಬೀಳಬಾರದು. ಅವು ಬೆಳೆದರೆ ನಮ್ಮ ರೋಬಸ್ಟಾಕ್ಕೂ ಬೇಡಿಕೆ ಹೆಚ್ಚೀತು. ಆದರೆ ಅಲ್ಲಿಯ ಸುಂಕ ಇಳಿದ ದಿನವೇ ನಮ್ಮ ಚೆರ್ರಿ ಮೂಟೆಗೆ ಬೆಲೆ ಏರುವುದೆಂದು ನಂಬಿ ಸಾಲ ಮಾಡಿದರೆ ಅದು ಕೂಸು ಹುಟ್ಟುವ ಮುನ್ನ ಕುಲಾವಿ ಹೊಲಿಸಿದ ಹಾಗೆ.

ಬಾಗಿಲಲ್ಲಿ ನಿಂತಿರುವ ಪೂಜಾರಿ

ದೇವರು ವರ ಕೊಟ್ಟರೂ ಪೂಜಾರಿ ವರ ಕೊಡ ಎಂಬ ಗಾದೆಯುಂಟು. ಯುರೋಪಿನ ಬಾಗಿಲಲ್ಲಿ ನಿಯಮವೇ ಪೂಜಾರಿ. ಹಸಿರು ಬೀಜಕ್ಕೆ ಸುಂಕ ಸೊನ್ನೆಯಾದರೂ ನಿಯಮ ಸೊನ್ನೆಯಲ್ಲ, ವರ್ಷ ವರ್ಷ ಬಿಗಿಯಾಗುತ್ತಿದೆ.

ಒಂದನೆಯದು, ಕೀಟನಾಶಕದ ಉಳಿಕೆ. ಅರೇಬಿಕಾ ಬೆಳೆಯುವವರು ಬಿಳಿ ಕಾಂಡಕೊರಕಕ್ಕೆಂದು ಬಳಸುತ್ತ ಬಂದ ಕ್ಲೋರ್‌ಪೈರಿಫಾಸ್ ಔಷಧಿಗೆ ಐರೋಪ್ಯ ಒಕ್ಕೂಟ 2020ರ ಆರಂಭದಲ್ಲಿ ಅನುಮತಿ ನವೀಕರಿಸಲಿಲ್ಲ. ಅದೇ ವರ್ಷ ಆಹಾರ ಪದಾರ್ಥಗಳಲ್ಲಿ ಅದರ ಉಳಿಕೆಯ ಮಿತಿಯನ್ನು ಪರೀಕ್ಷೆಗೆ ಸಿಗುವ ಕನಿಷ್ಠ ಪ್ರಮಾಣಕ್ಕೆ ಇಳಿಸಿತು. ಎರಡನೆಯದು, ಸರಿಯಾಗಿ ಒಣಗದ ಕಾಫಿಯಲ್ಲಿ ಬೂಷ್ಟು ಹಿಡಿದಾಗ ಹುಟ್ಟುವ ಓಕ್ರಾಟಾಕ್ಸಿನ್ ಎಂಬ ವಿಷ. ಹುರಿದ ಕಾಫಿಯಲ್ಲಿ ಕಿಲೋಗೆ 5 ಮೈಕ್ರೋಗ್ರಾಂ ಇದ್ದ ಮಿತಿ 2023ರಿಂದ 3ಕ್ಕೆ ಇಳಿದಿದೆ. ಇನ್‌ಸ್ಟಂಟ್ ಕಾಫಿಗೆ 10 ಇದ್ದದ್ದು 5 ಆಗಿದೆ. ಮೂರನೆಯದು, 2023ರಲ್ಲಿ ಬಂದ ಅರಣ್ಯನಾಶ ತಡೆಯ ನಿಯಮ. 2020ರ ಡಿಸೆಂಬರ್ 31ರ ನಂತರ ಕಾಡು ಕಡಿದ ಜಾಗದಲ್ಲಿ ಬೆಳೆದ ಕಾಫಿ ಅಲ್ಲಿ ಮಾರುವಂತಿಲ್ಲ. ಕಾಫಿ ಬೆಳೆದ ಪ್ರತಿ ತುಂಡು ಜಮೀನಿನ ಅಕ್ಷಾಂಶ ರೇಖಾಂಶ ಒಪ್ಪಿಸಬೇಕು. 4 ಹೆಕ್ಟೇರಿಗಿಂತ ದೊಡ್ಡದಾದರೆ ಜಮೀನಿನ ಸುತ್ತಳತೆಯ ನಕ್ಷೆಯೇ ಬೇಕು. ಜಾರಿಯ ದಿನವನ್ನು 2025ರ ಡಿಸೆಂಬರಿನಲ್ಲಿ ಎರಡನೆಯ ಸಲ ಮುಂದೂಡಿ, ದೊಡ್ಡ ಮತ್ತು ಮಧ್ಯಮ ವ್ಯಾಪಾರಿಗಳಿಗೆ 2026ರ ಡಿಸೆಂಬರ್ 30 ಎಂದು ಗೊತ್ತುಮಾಡಿದರು. 2025ರ ಮೇ ತಿಂಗಳಿನ ಪಟ್ಟಿಯಲ್ಲಿ ಭಾರತವನ್ನು ಕಡಿಮೆ ಅಪಾಯದ ದೇಶಗಳ ಸಾಲಿಗೆ ಸೇರಿಸಿದ್ದು ನಮಗೆ ಅನುಕೂಲವೇ. ಆದರೆ ಅದರಿಂದ ಜಮೀನಿನ ಗುರುತು ಕೊಡುವ ಕೆಲಸವೇನೂ ತಪ್ಪುವುದಿಲ್ಲ.

ಇದು ಮುಕ್ತ ವ್ಯಾಪಾರಕ್ಕೆ ವಿರುದ್ಧವಲ್ಲವೇ ಎಂದು ನೀವು ಕೇಳಬಹುದು. ಅಲ್ಲವೆಂಬುದೇ ಈ ಲೇಖನದ ತಿರುಳು. ಏಕ ಮಾರುಕಟ್ಟೆಯಾದ್ದರಿಂದಲೇ ಆ ನಿಯಮ ಇಡೀ 27 ದೇಶಗಳಿಗೂ ಒಂದೇ. ಟ್ರಿಯೆಸ್ಟ್ ಬಂದರಿನಲ್ಲಿ ಒಳಗೆ ಬಿಟ್ಟ ಇಲ್ಲಿಯ ಕಾಫಿ ಅಲ್ಲಿಂದ ಜರ್ಮನಿಗೆ ಹೋಗಲು ಇನ್ನೊಂದು ಗಡಿ ತಪಾಸಣೆ ಇಲ್ಲ. ಅದು ನಮಗೂ ಲಾಭ. ಆದರೆ ಅದೇ ಕಾರಣದಿಂದ ಒಂದು ಬಾಗಿಲಲ್ಲಿ ತಿರಸ್ಕೃತವಾದ ಮಾಲನ್ನು ಪಕ್ಕದ ಬಾಗಿಲಿನಿಂದ ಒಳಗೆ ಸೇರಿಸಲಾಗದು. ಮುಕ್ತ ವ್ಯಾಪಾರ ಒಪ್ಪಂದ ಮಾಡಿಕೊಂಡವನು ಹೊರಗಿನವನೇ. ಒಳಗಿನವರ ಕಟ್ಟುಪಾಡು ಸಡಿಲಿಸಿರೆಂದು ಕೇಳುವ ಹಕ್ಕು ಅವನಿಗೆ ಬರುವುದಿಲ್ಲ. ಹೆಚ್ಚೆಂದರೆ, "ನಮ್ಮ ಪ್ರಯೋಗಾಲಯದ ಪರೀಕ್ಷೆಯನ್ನು ಒಪ್ಪಿಕೊಳ್ಳಿ, ನಿಯಮ ಬದಲಿಸುವ ಮೊದಲು ಸಮಯ ಕೊಡಿ" ಎಂದು ಕೇಳಬಹುದು. ಆ ಮಾತನ್ನು ಸರ್ಕಾರ ಗಟ್ಟಿಯಾಗಿ ಕೇಳಬೇಕು.

ಅಡಿಕೆ, ಮೆಣಸಿಗೆ ಬೇರೆಯದೇ ಭಯ

ಕಾಫಿಯಲ್ಲಿ ನಾವು ಮಾರಲು ಹೋಗುವವರು. ಅಡಿಕೆಯಲ್ಲಿ ಹೊರಗಿನವರು ನಮ್ಮಲ್ಲಿಗೆ ಮಾರಲು ಬರುವವರು. ಇಲ್ಲಿ ನಮ್ಮನ್ನು ಕಾಯುವುದು ಮೂಲದ ನಿಯಮ. ಶ್ರೀಲಂಕಾದೊಡನೆ ನಮ್ಮ ಒಪ್ಪಂದ 2000ದ ಮಾರ್ಚಿನಿಂದ ಜಾರಿಯಲ್ಲಿದೆ. ಆ ದೇಶದಲ್ಲೇ ಬೆಳೆದದ್ದು ಅಥವಾ ನಿಗದಿತ ಪ್ರಮಾಣದಲ್ಲಿ ಅಲ್ಲಿಯೇ ಮೌಲ್ಯ ಸೇರಿದ್ದು ಮಾತ್ರ ರಿಯಾಯಿತಿಗೆ ಅರ್ಹ. ಆದರೆ ವಿಯೆಟ್ನಾಮಿನ ಮೆಣಸು, ಇಂಡೋನೇಷ್ಯದ ಅಡಿಕೆ ಶ್ರೀಲಂಕಾದ ಹೆಸರಿನಲ್ಲಿ ಬರುತ್ತಿದೆಯೆಂದು ಬೆಳೆಗಾರರು ವರ್ಷಗಟ್ಟಲೆ ದೂರಿದರು. ಮೂರನೆಯವನ ಮಾಲು ನೆರೆಯವನ ಗಾಡಿಯಲ್ಲಿ ಎಂದು ಮೊದಲೇ ಹೇಳಿದೆನಲ್ಲ, ಅದೇ ಇದು. ಕಡೆಗೆ 2017ರ ಡಿಸೆಂಬರಿನಲ್ಲಿ ಮೆಣಸಿಗೆ ಕಿಲೋಗೆ 500 ರೂಪಾಯಿ ಕನಿಷ್ಠ ಆಮದು ಬೆಲೆ ಗೊತ್ತಾಯಿತು. ಅಡಿಕೆಗೆ 251 ರೂಪಾಯಿ ಇದ್ದ ಆ ಬೆಲೆ 2023ರ ಫೆಬ್ರವರಿಯಲ್ಲಿ 351 ಆಯಿತು. 2020ರ ಸೆಪ್ಟೆಂಬರಿನಿಂದ ಮಾಲಿನ ಮೂಲದ ವಿವರ ಇಟ್ಟುಕೊಳ್ಳುವ ಹೊಣೆಯನ್ನು ಆಮದುದಾರನ ಮೇಲೆಯೇ ಹೊರಿಸುವ ನಿಯಮವೂ ಬಂತು. 2022ರಲ್ಲಿ ಭೂತಾನಿನಿಂದ ವರ್ಷಕ್ಕೆ 17,000 ಟನ್ ಹಸಿ ಅಡಿಕೆಯನ್ನು ಕನಿಷ್ಠ ಬೆಲೆಯ ಕಟ್ಟು ಇಲ್ಲದೆ ತರಲು ಅನುಮತಿ ಕೊಟ್ಟಾಗ ಮಲೆನಾಡಿನಲ್ಲಿ ಎದ್ದ ಕಳವಳವನ್ನು ನೀವು ಮರೆತಿಲ್ಲ.

ಕೆಲವು ಸಭೆಗಳಲ್ಲಿ ಉತ್ಸಾಹಿಗಳು, "ಯುರೋಪಿನಂತೆ ದಕ್ಷಿಣ ಏಷ್ಯವೂ ಒಂದೇ ಮಾರುಕಟ್ಟೆಯಾಗಲಿ" ಎನ್ನುತ್ತಾರೆ. ಕೇಳಲು ಇಂಪಾಗಿದೆ. ಆದರೆ ಏಕ ಮಾರುಕಟ್ಟೆ ಎಂದರೆ ಮೂಲ ಕೇಳುವ ಗಡಿಯೇ ಇಲ್ಲವಾಗುವುದು. ಹೊರಗಿನ ಸುಂಕ ಒಂದೇ ಆಗದೆ, ಆಹಾರದ ನಿಯಮ ಒಂದೇ ಆಗದೆ, ತಪ್ಪಿದವನನ್ನು ಕೇಳುವ ನ್ಯಾಯಾಲಯವಿಲ್ಲದೆ ಗಡಿ ಕಿತ್ತರೆ, ಎಲ್ಲಿಯ ಅಡಿಕೆ ಎಲ್ಲಿಗೆ ಬಂತೆಂದು ಹೇಳುವವರೇ ಇರುವುದಿಲ್ಲ. ಆರು ದೇಶಗಳಿಂದ ಆರಂಭಿಸಿ ಆ ಹಂತ ಮುಟ್ಟಲು ಯುರೋಪಿಗೆ ಮೂವತ್ತೈದು ವರ್ಷ ಹಿಡಿಯಿತು. ಅಡಿಪಾಯವಿಲ್ಲದೆ ಮಾಳಿಗೆ ಕಟ್ಟಲು ಹೊರಡುವುದು ಸಣ್ಣ ಬೆಳೆಗಾರನಿಗೆ ಹಿತವಲ್ಲವೆಂಬುದು ನನ್ನ ಖಚಿತ ಅಭಿಪ್ರಾಯ.

ನಾವು ಮಾಡಬೇಕಾದದ್ದು

ಹಾಗಿರುವಲ್ಲಿ ನಮ್ಮ ಬೇಡಿಕೆ ಏನಿರಬೇಕು? ಯಾವುದೇ ಒಪ್ಪಂದದ ಸುದ್ದಿ ಬಂದಾಗ "ಸುಂಕ ಎಷ್ಟು ಇಳಿಯಿತು" ಎಂದು ಮಾತ್ರ ಕೇಳಿ ಸುಮ್ಮನಾಗದೆ ಮೂರು ಪ್ರಶ್ನೆ ಕೇಳಬೇಕು. ಅಡಿಕೆ, ಮೆಣಸು ರಿಯಾಯಿತಿಯ ಪಟ್ಟಿಯ ಒಳಗಿವೆಯೋ ಹೊರಗಿವೆಯೋ? ಮೂಲವನ್ನು ಯಾರು, ಹೇಗೆ ಪರೀಕ್ಷಿಸುತ್ತಾರೆ? ನಮ್ಮ ಪ್ರಯೋಗಾಲಯದ ವರದಿಯನ್ನು ಅವರು ಒಪ್ಪುತ್ತಾರೋ ಇಲ್ಲವೋ? ಈ ಮೂರನ್ನೂ ನಮ್ಮ ಲೋಕಸಭಾ ಸದಸ್ಯರ ಮುಂದೆ, ಕಾಫಿ ಮಂಡಳಿಯ ಮುಂದೆ ಲಿಖಿತವಾಗಿ ಇಡಬೇಕು.

ಬೇಡಿಕೆಯಷ್ಟೇ ಸಾಲದು. ಕಣದಲ್ಲಿ ಹಸಿ ಮಣ್ಣಿನ ಮೇಲೆ ಕಾಫಿ ಒಣಗಿಸುವುದನ್ನು ಬಿಡಬೇಕು. ಹೊಡೆದ ಔಷಧಿ, ಹೊಡೆದ ದಿನ ಬರೆದಿಡಬೇಕು. ಎರಡೆಕರೆ, ಮೂರೆಕರೆಯ ಸದಸ್ಯನೊಬ್ಬನೇ ಜಮೀನಿನ ಗುರುತು ಮಾಡಿಸಲು ಅಲೆಯುವುದು ಕಷ್ಟ, ದುಬಾರಿ. ಮಧ್ಯವರ್ತಿಯೊಬ್ಬ ಅದನ್ನು ಮಾಡಿಕೊಟ್ಟರೆ ಆ ದಾಖಲೆ ಅವನ ಕೈಯಲ್ಲೇ ಉಳಿಯುತ್ತದೆ. ಮುಂದೆ ಬೆಲೆ ಕಟ್ಟುವವನೂ ಅವನೇ ಆಗುತ್ತಾನೆ. ದಾಖಲೆ ಯಾರ ಕೈಯಲ್ಲಿದೆಯೋ ಚೌಕಾಶಿಯ ಬಲ ಅವನಲ್ಲಿರುತ್ತದೆ. ಆದುದರಿಂದ ಪಹಣಿ ಹಿಡಿದು, ಮೊಬೈಲಿನಲ್ಲಿ ಜಮೀನಿನ ಗುರುತು ತೆಗೆದು, ಎಲ್ಲ ಸದಸ್ಯರ ದಾಖಲೆಯನ್ನು ಸಂಘವೇ ಕಾಪಾಡುವ ಏರ್ಪಾಡಾಗಬೇಕು. ಬರುವ ವಾರ್ಷಿಕ ಮಹಾಸಭೆಯಲ್ಲಿ ಈ ವಿಷಯವನ್ನು ಮಂಡಿಸುವವನಿದ್ದೇನೆ. ಖರ್ಚಿನ ಬಗ್ಗೆ ನಿಮ್ಮ ಪ್ರಶ್ನೆಗಳು ಇರುತ್ತವೆ, ಇರಬೇಕು. ಅವುಗಳೊಡನೆಯೇ ಬನ್ನಿ.

ಒಪ್ಪಂದದ ಹೆಸರಿನಲ್ಲಿ 'ಮುಕ್ತ' ಎಂದಿದ್ದ ಮಾತ್ರಕ್ಕೆ ಬಾಗಿಲು ತಾನಾಗಿ ತೆರೆಯುವುದಿಲ್ಲ. ಹೆಸರು ಕ್ಷೀರಸಾಗರ ಭಟ್ಟ, ಮನೆಯಲ್ಲಿ ಮಜ್ಜಿಗೆಗೂ ಗತಿಯಿಲ್ಲ ಎಂಬಂತಾಗಬಾರದು. ಸುಂಕ ಇಳಿಸುವುದು ದೆಹಲಿಯಲ್ಲಿ ಕೂತವರ ಕೆಲಸ. ನಿಯಮಕ್ಕೆ ಒಪ್ಪುವ ಮಾಲು ಕಳುಹಿಸುವುದು, ನಮ್ಮ ತೋಟದ ದಾಖಲೆಯನ್ನು ನಮ್ಮ ಕೈಯಲ್ಲೇ ಇಟ್ಟುಕೊಳ್ಳುವುದು ನಮ್ಮ ಕೆಲಸ.

ನಿಮ್ಮ ವಿಶ್ವಾಸದ,
ಕಾರ್ಯದರ್ಶಿ